ಕಾಯಿಲೆ ಹೇಳಿಕೊಂಡ ಆಟಗಾರ ಸ್ಥಾನ ಕಳೆದುಕೊಳ್ಳಬಾರದು

ಮಾನ್ಯ ಸಂಪಾದಕರೇ,

ಸಾಂಕ್ರಾಮಿಕ ರೋಗವೊಂದು ಹಬ್ಬುತ್ತಿರುವಾಗ ಕ್ರೀಡಾ ತಂಡಗಳ ಸುರಕ್ಷತೆಯ ಪ್ರಸ್ತಾಪ ಬಂದರೆ, ಪಂದ್ಯ ನಡೆಸಬೇಕೇ, ಪ್ರೇಕ್ಷಕರನ್ನು ಬಿಡಬೇಕೇ, ಚೆಂಡಿಗೆ ಎಂಜಲು ಹಚ್ಚಬಹುದೇ ಎಂಬ ಪ್ರಶ್ನೆಗಳೇ ಮುಂದೆ ನಿಲ್ಲುತ್ತವೆ. ಅವು ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಬಯಲಿನಲ್ಲಿ ಆಡುವ ಆಟಗಳಲ್ಲಿ, ಉಸಿರಿನಿಂದ ಹರಡುವ ಸೋಂಕಿಗೆ ಮೈದಾನಕ್ಕಿಂತ ಹೆಚ್ಚು ಅನುಕೂಲ ಒದಗಿಸುವುದು ಕಿಟಕಿ ಮುಚ್ಚಿದ ಬಸ್ಸು, ಗಾಳಿಯಾಡದ ಡ್ರೆಸ್ಸಿಂಗ್ ರೂಮು, ಒಟ್ಟಿಗೆ ಕೂತು ಉಣ್ಣುವ ಮೇಜು ಮತ್ತು ಹಂಚಿಕೊಂಡ ಕೋಣೆ. ಇವೆಲ್ಲಕ್ಕಿಂತ ಮೊದಲು ಬರುವ, ಯಾರೂ ಅಷ್ಟಾಗಿ ಮಾತನಾಡದ ಕಾರಣವೊಂದಿದೆ: ಆಟಗಾರ ತನ್ನ ಜ್ವರವನ್ನು ಮುಚ್ಚಿಡುತ್ತಾನೆ.

ಮುಚ್ಚಿಡದೆ ಏನು ಮಾಡಿಯಾನು? ಒಂದು ಪಂದ್ಯ ತಪ್ಪಿದರೆ ಆ ಜಾಗಕ್ಕೆ ಬಂದ ಮತ್ತೊಬ್ಬ ಚೆನ್ನಾಗಿ ಆಡಿಬಿಡಬಹುದು, ಆಯ್ಕೆದಾರರ ಕಣ್ಣು ಅತ್ತ ಹೊರಳಬಹುದು, ಪಂದ್ಯಕ್ಕಿಷ್ಟು ಎಂದು ಬರುವ ಹಣ ನಿಲ್ಲಬಹುದು. ಜೊತೆಗೆ, ನೋವು ನುಂಗಿಕೊಂಡು ಆಡುವವನನ್ನು ಪ್ರೇಕ್ಷಕರಾದ ನಾವೂ ಪತ್ರಿಕೆಗಳೂ ಮನಸಾರೆ ಹೊಗಳುತ್ತ ಬಂದಿದ್ದೇವೆ. ಉಳುಕಿದ ಕಾಲಿನಲ್ಲಿ ಆಡಿದರೆ ಹಾನಿ ಅವನೊಬ್ಬನಿಗೆ; ಮಾತ್ರೆ ನುಂಗಿ, ತಪಾಸಣೆಯ ಹೊತ್ತಿಗೆ ಮೈಬಿಸಿ ಇಳಿಸಿಕೊಂಡು ಆಡಿದರೆ ಹಾನಿ ಇಡೀ ತಂಡಕ್ಕೆ, ಎದುರಾಳಿಗಳಿಗೆ, ಅವರೆಲ್ಲರ ಮನೆಯಲ್ಲಿರುವ ವೃದ್ಧರಿಗೆ. ಇದನ್ನು ಬಾಯಿಮಾತಿನಲ್ಲಿ ತಿಳಿಹೇಳಿದರೆ ಸಾಲದು. ರೋಗಲಕ್ಷಣಗಳನ್ನು ತಾನಾಗಿ ತಿಳಿಸಿದವನ ಸ್ಥಾನ ಅವನು ಗುಣವಾಗಿ ಮರಳುವವರೆಗೆ ಅವನದೇ ಆಗಿರುತ್ತದೆ, ಸಂಭಾವನೆಯಲ್ಲಿ ಕಡಿತವಾಗುವುದಿಲ್ಲ ಎಂಬ ಲಿಖಿತ ನಿಯಮ ಬೇಕು. ಆಡಬಹುದೇ ಬಾರದೇ ಎಂಬ ತೀರ್ಮಾನ ಗೆಲುವಿನ ಹೊಣೆ ಹೊತ್ತ ಕೋಚ್ ಕೈಯಲ್ಲಿರದೆ, ಅವರ ಅಧೀನದಲ್ಲಿಲ್ಲದ ವೈದ್ಯರ ಕೈಯಲ್ಲಿರಬೇಕು. ಕೆಲವು ವೈರಸ್‌ಗಳು ಹೃದಯದ ಸ್ನಾಯುವಿಗೆ ಉರಿಯೂತ ತರಬಲ್ಲವಾದ್ದರಿಂದ, ಜ್ವರ ಬಿಟ್ಟ ಮರುದಿನವೇ ಪೂರ್ಣ ವೇಗದಲ್ಲಿ ಓಡಿಸುವುದು ಆಟಗಾರನ ಜೀವಕ್ಕೇ ಅಪಾಯ ತರಬಹುದು.

ಇದೇ ರಕ್ಷಣೆ ಅಡುಗೆಯವರಿಗೆ, ಬಸ್ ಚಾಲಕರಿಗೆ, ಬಟ್ಟೆ ಒಗೆಯುವವರಿಗೆ, ಕಾವಲುಗಾರರಿಗೆ ಸಿಗದಿದ್ದರೆ ಆಟಗಾರರಿಗೆ ಕೊಟ್ಟದ್ದೂ ವ್ಯರ್ಥವಾಗುತ್ತದೆ. 2018ರಲ್ಲಿ ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್‌ನಲ್ಲಿ ನಡೆದ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ವಾಂತಿಭೇದಿ ತರುವ ನೊರೊವೈರಸ್ ಭದ್ರತಾ ಸಿಬ್ಬಂದಿಯಲ್ಲಿ ಕಾಣಿಸಿಕೊಂಡಿತು. ಸುಮಾರು 1,200 ಮಂದಿಯನ್ನು ಕೆಲಸದಿಂದ ದೂರವಿರಿಸಿ ಸೈನಿಕರನ್ನು ನಿಯೋಜಿಸಬೇಕಾಯಿತು, ಮುಂದೆ ಸ್ವಿಟ್ಜರ್‌ಲೆಂಡಿನ ಇಬ್ಬರು ಸ್ಕೀ ಪಟುಗಳಿಗೂ ಸೋಂಕು ತಗುಲಿತು. ಈ ವೈರಸ್ ಆಲ್ಕೋಹಾಲ್ ಸ್ಯಾನಿಟೈಸರ್‌ಗೆ ಸುಲಭವಾಗಿ ಬಗ್ಗುವುದಿಲ್ಲ, ಸೋಪು ಹಚ್ಚಿ ನೀರಿನಲ್ಲೇ ಕೈ ತೊಳೆಯಬೇಕು. ಕಾಯಿಲೆ ಬಿದ್ದವರು ವಾಂತಿಭೇದಿ ನಿಂತ ಮೇಲೂ ಕನಿಷ್ಠ 48 ಗಂಟೆ ಅಡುಗೆಮನೆಗೆ ಕಾಲಿಡಬಾರದು. ಆ ಎರಡು ದಿನದ ಕೂಲಿಯನ್ನು ಯಾರು ಕೊಡುತ್ತಾರೆಂದು ಆಯೋಜಕರು ಮೊದಲೇ ತೀರ್ಮಾನಿಸದಿದ್ದರೆ, ದಿನಗೂಲಿಯ ಅಡುಗೆಯವರು ಕಾಯಿಲೆಯ ಸುದ್ದಿಯನ್ನೇ ಎತ್ತಲಾರರು.

ಹಣವಿರುವ ಲೀಗ್‌ಗಳು ಬಯೋ ಬಬಲ್, ಅಂದರೆ ಹೊರಗಿನವರ ಸಂಪರ್ಕವಿಲ್ಲದೆ ತಂಡಗಳು ಉಳಿದು ಆಡುವ ಪ್ರತ್ಯೇಕ ವಲಯ, ಕಟ್ಟಿಕೊಳ್ಳಬಹುದು. 2020ರಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಒರ್ಲಾಂಡೊ ಬಳಿ ಅಂಥ ವಲಯದಲ್ಲಿ ತನ್ನ ಋತುವನ್ನು ಮುಗಿಸಿತು. ಆದರೆ ಮರುವರ್ಷ ಮೇ 4ರಂದು, ಬಬಲ್ ಒಳಗೇ ಸೋಂಕು ಕಾಣಿಸಿಕೊಂಡು ಐಪಿಎಲ್ ಅರ್ಧದಲ್ಲೇ ನಿಂತಿತು. ಶಾಲಾ ಕಾಲೇಜುಗಳ ತಂಡಗಳಿಗೆ ಇದು ಎಟುಕುವ ಮಾತೂ ಅಲ್ಲ. ಬಸ್ಸಿನ ಕಿಟಕಿ ತೆರೆದಿಡುವುದು, ಟೂರ್ನಿಗೆ ಮೊದಲೇ ದಡಾರ ಮುಂತಾದವುಗಳ ಲಸಿಕೆ ಆಗಿದೆಯೇ ಎಂದು ನೋಡುವುದು, ಪ್ರತಿಯೊಬ್ಬರಿಗೂ ಬೇರೆ ಬಾಟಲಿ, ಬೇರೆ ಟವೆಲ್ ಕೊಡುವುದು ಅವರ ಕೈಯಲ್ಲೂ ಇದೆ. ಟವೆಲ್ ಸಣ್ಣ ವಿಷಯವಲ್ಲ. 2003ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ರ‍್ಯಾಮ್ಸ್ ಫುಟ್‌ಬಾಲ್ ತಂಡದ 5 ಆಟಗಾರರಿಗೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಸೋಂಕು ತಗುಲಿದಾಗ, ಕೃತಕ ಹುಲ್ಲಿನ ಮೇಲೆ ಬಿದ್ದು ತರಚಿದ ಗಾಯಗಳಲ್ಲೇ ಅದು ಬೆಳೆದದ್ದು ಮತ್ತು ಆಟಗಾರರು ಒಂದೇ ಟವೆಲನ್ನು ಹಂಚಿಕೊಳ್ಳುತ್ತಿದ್ದದ್ದು ತನಿಖೆಯಲ್ಲಿ ಕಂಡುಬಂತು.

ಆಟಗಾರನಿಗಿರುವ ಭಯವೇ ತಂಡಗಳಿಗೂ ಇದೆ. ಪಂದ್ಯಕ್ಕೆ ಇಳಿಯದಿದ್ದರೆ ಎದುರಾಳಿಗೆ ಗೆಲುವು ಎಂಬ ನಿಯಮ ಸಾಂಕ್ರಾಮಿಕದ ನಡುವೆಯೂ ಹಾಗೇ ಉಳಿದರೆ, ಕಾಯಿಲೆ ಬಿದ್ದವರನ್ನೂ ಕಣಕ್ಕಿಳಿಸುವ ಒತ್ತಡ ವ್ಯವಸ್ಥಾಪಕರ ಮೇಲೆ ಬೀಳುತ್ತದೆ. 1919ರ ಸ್ಟ್ಯಾನ್ಲಿ ಕಪ್ ಐಸ್ ಹಾಕಿ ಫೈನಲ್ ಸರಣಿಯಲ್ಲಿ ಮಾಂಟ್ರಿಯಲ್ ತಂಡದ ಹಲವರು ಇನ್‌ಫ್ಲುಯೆಂಝಾದಿಂದ ಹಾಸಿಗೆ ಹಿಡಿದಾಗ ನಿರ್ಣಾಯಕ ಪಂದ್ಯ ರದ್ದಾಯಿತು. ಕಪ್ಪನ್ನು ಬಿಟ್ಟುಕೊಡಲು ಆ ತಂಡ ಸಿದ್ಧವಾಗಿತ್ತು, ಆದರೆ ಸಿಯಾಟಲ್ ತಂಡ ಹಾಗೆ ಬಂದ ಗೆಲುವನ್ನು ಒಪ್ಪಲಿಲ್ಲ. ಕೆಲವೇ ದಿನಗಳಲ್ಲಿ ಮಾಂಟ್ರಿಯಲ್‌ನ ಜೋ ಹಾಲ್ ತೀರಿಕೊಂಡರು. ಅಂದು ಎದುರಾಳಿಯ ದೊಡ್ಡತನದಿಂದ ಆದದ್ದನ್ನು ಇಂದು ನಿಯಮವೇ ಮಾಡಿಕೊಡಬೇಕು. ಸೋಂಕಿನಿಂದ ತಪ್ಪಿದ ಪಂದ್ಯವನ್ನು ಮುಂದೂಡಬೇಕು ಅಥವಾ ಅಂಕಗಳನ್ನು ಹಂಚಬೇಕು, ಮತ್ತು ಇದನ್ನು ರೋಗ ಕಾಣಿಸಿದ ಮೇಲಲ್ಲ, ತಂಡಗಳು ಹೆಸರು ನೋಂದಾಯಿಸುವ ದಿನವೇ ಅವುಗಳ ಕೈಗೆ ಬರಹದಲ್ಲಿ ಕೊಡಬೇಕೆಂದು ಕ್ರೀಡಾ ಸಂಸ್ಥೆಗಳನ್ನು ನಿಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗ