ಪಿಂಚಣಿ ಸರ್‌ಚಾರ್ಜ್‌ನ ವಿವರ ನೀಡದಿರುವ ಕುರಿತು ದೂರು

ಇವರಿಗೆ,
ವ್ಯವಸ್ಥಾಪಕ ನಿರ್ದೇಶಕರು,
ವಿದ್ಯುತ್ ಸರಬರಾಜು ಕಂಪನಿ, ನಿಗಮ ಕಚೇರಿ

ಮಾನ್ಯರೇ,

ನನ್ನ ಅಂಗಡಿಯ ವಿದ್ಯುತ್ ಬಿಲ್ಲಿನಲ್ಲಿ 2025ರ ಏಪ್ರಿಲ್‌ನಿಂದ ಯೂನಿಟ್‌ಗೆ 36 ಪೈಸೆಯಂತೆ (2025-26ರ ದರ) ‘ಪಿ ಅಂಡ್ ಜಿ (ಪಿಂಚಣಿ ಮತ್ತು ಉಪದಾನ, ಅಂದರೆ ಗ್ರಾಚ್ಯುಟಿ) ಸರ್‌ಚಾರ್ಜ್’ ಸೇರಿಸಲಾಗುತ್ತಿದೆ. ಇದನ್ನು ಯಾವ ಕಾರಣಕ್ಕೆ ವಸೂಲು ಮಾಡಲಾಗುತ್ತಿದೆ ಎಂದು ಉಪವಿಭಾಗ ಕಚೇರಿಗೆ ಆರ್.ಆರ್. ಸಂಖ್ಯೆ ಸಹಿತ ಅರ್ಜಿ ಕೊಟ್ಟು ಕೇಳಿದ್ದಕ್ಕೆ, "ಆಯೋಗದ ಆದೇಶದಂತೆ ವಸೂಲು ಮಾಡಲಾಗುತ್ತಿದೆ" ಎಂಬ ಒಂದೇ ಸಾಲಿನ ಹಿಂಬರಹ ಬಂದಿದೆ. ದರ ನಿಗದಿಪಡಿಸುವ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಆದೇಶವಿದೆ ಎಂಬುದು ನನಗೂ ಗೊತ್ತು. ನಾನು ಕೇಳಿದ್ದು ಕಾರಣವನ್ನು.

1957ರಲ್ಲಿ ಸ್ಥಾಪನೆಯಾದ ವಿದ್ಯುಚ್ಛಕ್ತಿ ಮಂಡಳಿಯನ್ನು (ಕಂಬದಲ್ಲಿ ಕಿಡಿ ಹಾರಿದರೆ ನಮ್ಮ ಬೀದಿಯವರು ಇಂದಿಗೂ ‘ಕೆಇಬಿಗೆ ಫೋನ್ ಮಾಡಿ’ ಎನ್ನುತ್ತಾರೆ) 1999ರ ಸುಧಾರಣಾ ಕಾಯ್ದೆಯನ್ವಯ ಕೆಪಿಟಿಸಿಎಲ್ (ವಿದ್ಯುತ್ ಪ್ರಸರಣ ನಿಗಮ) ಆಗಿ ಮಾರ್ಪಡಿಸಿ, 2002ರ ಜೂನ್‌ನಲ್ಲಿ ವಿತರಣೆಯ ಕೆಲಸವನ್ನು ಪ್ರಾದೇಶಿಕ ಕಂಪನಿಗಳಿಗೆ ಹಂಚಿದಾಗ, ನೌಕರರೊಂದಿಗೆ ಅವರ ಪಿಂಚಣಿ ಮತ್ತು ಉಪದಾನದ ಹೊಣೆಯೂ ವರ್ಗವಾಯಿತು. ಅದರಲ್ಲಿ ಸರ್ಕಾರದ ಪಾಲಿನ ವಂತಿಗೆಯನ್ನು ಈಗ ಗ್ರಾಹಕರಿಂದ ವಸೂಲು ಮಾಡಲಾಗುತ್ತಿದೆ. ಮಳೆ ಗಾಳಿಯಲ್ಲಿ ಕಂಬ ಹತ್ತಿದ ಲೈನ್‌ಮನ್‌ಗಳ ಪಿಂಚಣಿಗೆ ನನ್ನ ಆಕ್ಷೇಪವಿಲ್ಲ. ಆದರೆ ಮಂಡಳಿಯನ್ನು ಒಡೆದದ್ದೂ ಸರ್ಕಾರ, ತಮ್ಮ ಕಂಪನಿಯ ಮಾಲೀಕರೂ ಸರ್ಕಾರವೇ ಆಗಿರುವಾಗ, ಮಾಲೀಕರ ಬಾಕಿಯನ್ನು ಗ್ರಾಹಕರ ಮೇಲೆ ಹೊರಿಸುವುದಕ್ಕೆ ತಮ್ಮ ನಿರ್ದೇಶಕ ಮಂಡಳಿ ಒಪ್ಪಿದ್ದು ಯಾವ ಆಧಾರದ ಮೇಲೆ ಎಂದು ತಿಳಿಯುವ ಹಕ್ಕು ನನಗಿದೆ.

ದರ ನಿಗದಿಗೆ ಮುನ್ನ ಕಂಪನಿ ಆಯೋಗಕ್ಕೆ ಸಲ್ಲಿಸಿದ ಅರ್ಜಿಯ ಸಾರಾಂಶ ಪ್ರಕಟಿಸಿ, ಸಾರ್ವಜನಿಕರ ಸಲಹೆ ಆಕ್ಷೇಪಣೆಗಳನ್ನು ಪರಿಗಣಿಸಬೇಕೆಂದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 64ನೇ ಕಲಂ ಹೇಳುತ್ತದೆ. ಅಂಕಿ ಅಂಶಗಳ ಪೂರ್ಣ ಅರ್ಜಿಯನ್ನು ಕನ್ನಡದಲ್ಲಿ ಕೊಡಿ ಎಂದರೆ, ಕಚೇರಿಯಲ್ಲಿ ಇಂಗ್ಲಿಷ್ ಪ್ರತಿಯ ಕಡೆ ಬೆರಳು ತೋರಿಸಿದರು. ಓದಲಾಗದ ಅರ್ಜಿಗೆ ಆಕ್ಷೇಪಣೆ ಸಲ್ಲಿಸುವುದಾದರೂ ಹೇಗೆ?

ಆದುದರಿಂದ ಈ ಸರ್‌ಚಾರ್ಜ್‌ನಿಂದ ಈವರೆಗೆ ಸಂಗ್ರಹವಾದ ಮೊತ್ತ, ಅದರಲ್ಲಿ ಪಿಂಚಣಿ ಟ್ರಸ್ಟ್‌ಗೆ ಜಮೆಯಾದ ಮೊತ್ತ, ಸರ್ಕಾರದಿಂದ ಬರಬೇಕಿದ್ದ ಹಳೆಯ ಬಾಕಿ ಹಾಗೂ ಈ ಕುರಿತು ನಿರ್ದೇಶಕ ಮಂಡಳಿ ಕೈಗೊಂಡ ನಿರ್ಣಯದ ಪ್ರತಿಯನ್ನು ಕನ್ನಡದಲ್ಲಿ ಲಿಖಿತವಾಗಿ ಒದಗಿಸಬೇಕೆಂದು ಕೋರುತ್ತೇನೆ. ಮುಂದಿನ ದರ ಪರಿಷ್ಕರಣೆಯ ಅರ್ಜಿಯ ಪೂರ್ಣ ಕನ್ನಡ ಪ್ರತಿ ಪ್ರತಿಯೊಂದು ಉಪವಿಭಾಗ ಕಚೇರಿಯಲ್ಲೂ ಓದಲು ಸಿಗುವಂತಾಗಬೇಕು. ಮೂವತ್ತು ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ದೂರು ಸಲ್ಲಿಸುತ್ತೇನೆ. ಬಿಲ್ಲಿನ ಹಾಗೂ ಹಿಂಬರಹದ ನಕಲುಗಳನ್ನು ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ವಾಣಿಜ್ಯ ಸಂಪರ್ಕದ ಗ್ರಾಹಕ