ಡ್ರಾಯರ್ ಕೂತಿತು, ಎಲ್ಲರಿಗೂ ಥ್ಯಾಂಕ್ಸ್

ಕೊನೆಗೂ ಡ್ರಾಯರ್ ಕೂತಿತು. ಮೇಜು ಮನೆಗೆ ಬಂದಿದೆ. ರಿಟೈರ್ ಆದ ಮೇಲೆ ಮರಗೆಲಸದ ಕ್ಲಾಸಿಗೆ ಸೇರಿದಾಗ "ಈ ವಯಸ್ಸಲ್ಲಿ ಯಾಕೆ ಬೇಕಿತ್ತು" ಅಂದವರನ್ನೂ ಸೇರಿಸಿ, ಎಲ್ಲರಿಗೂ ಥ್ಯಾಂಕ್ಸ್ ಹೇಳೋಣ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಮ್ಮ ಆಚಾರ್ರಿಗೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಲ್ಲ. ಆಚಾರ್ರೇ, ನಾನು ಡ್ರಾಯರ್ ಅಳತೆ ಕೇಳಿದಾಗ ನೀವು ನನ್ನ ಟೇಪನ್ನೇ ತೆಗೆದು ಜೇಬಿಗೆ ಹಾಕಿಕೊಂಡಿರಿ. "ಮೇಜು ಎದುರಿಗೇ ಇದೆಯಲ್ಲ ಸಾರ್, ಅದನ್ನೇ ಕೇಳಿ" ಅಂದಿರಿ. ಅವತ್ತು ಸ್ವಲ್ಪ ಸಿಟ್ಟೇ ಬಂದಿತ್ತು. ಮುಂದಿನ ಹಲಗೆಯನ್ನು ಮೇಜಿನ ಬಾಯಿಗೆ ಹಿಡಿಯೋದು, ಎಲ್ಲಿ ತಾಗುತ್ತೆ ನೋಡೋದು, ಅಲ್ಲಿ ಹತ್ತರಿ ಹೊಡೆದು ಒಂದು ತೆಳು ಸಿಪ್ಪೆ ತೆಗೆಯೋದು, ಮತ್ತೆ ಹಿಡಿಯೋದು. ಪಕ್ಕದ ಹಲಗೆಗಳನ್ನೂ ಒಂದೊಂದಾಗಿ ಖಾಲಿ ಗೂಡಿನಲ್ಲಿ ಜಾರಿಸಿ ನೋಡಿ, ಸಲೀಸಾಗಿ ಓಡಿದ ಮೇಲೇ ಜೋಡಣೆ. ಈಗ ಡ್ರಾಯರ್ ತಳ್ಳಿದರೆ ಕೊನೆಯ ಎರಡು ಬೆರಳಿನಷ್ಟು ದೂರದಲ್ಲಿ ತಾನಾಗಿಯೇ ನಿಧಾನವಾಗುತ್ತೆ. ಒಳಗಿನ ಗಾಳಿ ಆ ಸಣ್ಣ ಸಂದಿಯಿಂದಲೇ ಹೊರಗೆ ಹೋಗಬೇಕಲ್ಲ! ಮನೆಗೆ ಬಂದವರಿಗೆಲ್ಲ ತಳ್ಳಿ ತೋರಿಸುತ್ತಿದ್ದೇನೆ.

ಡವ್‌ಟೇಲ್ ಅನ್ನೋ, ಪಾರಿವಾಳದ ಬಾಲದಂತೆ ತುದಿ ಅಗಲವಾದ ಹಲ್ಲುಗಳ ಜೋಡಣೆ ಕೊಯ್ಯುವಾಗ ನೀವು ಒಂದು ಸಲವೂ ನನ್ನ ಕೈಯಿಂದ ಗರಗಸ ಇಸಿದುಕೊಳ್ಳಲಿಲ್ಲ. ಅದಕ್ಕೆ ಬೇರೆಯೇ ಥ್ಯಾಂಕ್ಸ್. ಎಳೆದಾಗಲೆಲ್ಲ ಜೋರು ಬೀಳೋದು ಮುಂದಿನ ಹಲಗೆ ಮೇಲೆ. ಬಾಲಗಳನ್ನು ಪಕ್ಕದ ಹಲಗೆಗಳಲ್ಲಿ ಕೊಯ್ದರೆ, ನಾಳೆ ಅಂಟು ಬಿಟ್ಟರೂ ಮುಂಭಾಗ ಕಿತ್ತು ಕೈಗೆ ಬರಲ್ಲ ಅಂತ ಬಿಡಿಸಿ ಹೇಳಿದಿರಿ. ಕಾರಣ ಗೊತ್ತಾದ ಮೇಲೆ ಕೊಯ್ಯೋಕೂ ಧೈರ್ಯ ಬಂತು.

ಪಕ್ಕದ ಬೆಂಚಿನ ಮೇಡಂ, ನೀವು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಕಲಿತದ್ದನ್ನು ಟೀ ಕುಡಿಯುತ್ತಾ ನಮಗೂ ಹೇಳಿಕೊಟ್ಟಿರಿ. ಮರ ಉದ್ದಕ್ಕೆ ಹಿಗ್ಗೋದು ಇಲ್ಲ ಅನ್ನುವಷ್ಟು ಕಡಿಮೆ, ಹಿಗ್ಗೋದೆಲ್ಲ ಎಳೆಗೆ ಅಡ್ಡವಾಗಿ. ಮಳೆಗಾಲದಲ್ಲಿ ಬೀರು ಬಾಗಿಲು ಬಿಗಿಯೋದು ಅದಕ್ಕೇ ಅಲ್ವಾ. ನಿಮ್ಮ ಮಾತು ಕೇಳಿ ಡ್ರಾಯರ್ ಮೇಲ್ಗಡೆ 2 ಮಿ.ಮೀ. ಸಂದಿ ಬಿಟ್ಟೆ. ತಳದ ಹಲಗೆಗೆ ಅಂಟು ಹಾಕಲಿಲ್ಲ. ಅಂಚಿಗೆ ಕೊರೆದ ಗ್ರೂವ್ ಒಳಗೆ ಸುಮ್ನೆ ಕೂತಿದೆ, ಹಿಗ್ಗಬೇಕು ಅನ್ನಿಸಿದರೆ ಹಿಂದಕ್ಕೆ ಹಿಗ್ಗಿಕೊಳ್ಳಲಿ.

ತೀರ್ಥಹಳ್ಳಿಯ ಚಿಕ್ಕಪ್ಪ ಅಟ್ಟದ ಮೇಲಿದ್ದ ಹಲಸಿನ ಹಲಗೆ ಕೊಟ್ಟರು. ಮೇಲೆ ನೋಡಿದರೆ ಮಸಿ ಮಸಿ. ಹತ್ತರಿ ಹೊಡೆದಾಗ ಒಳಗಿಂದ ಅರಿಶಿನದಂಥ ಬಣ್ಣ ಬಂತು. ಬರುಬರುತ್ತಾ ಕಂದು ತಿರುಗುತ್ತಂತೆ, ತಿರುಗಲಿ. ಪಕ್ಕಗಳಿಗೆ ಸಿಲ್ವರ್ ಓಕ್ ಹಾಕಿದ್ದೇನೆ. ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸ್ತಾರಲ್ಲ, ಅದೇ ಮರ. ನೆಟ್ಟಗಿರೋ ಹಲಗೆ ಸಿಗುವವರೆಗೂ ಇಡೀ ರಾಶಿ ಕೆದಕೋಕೆ ಬಿಟ್ಟ ಟಿಂಬರ್ ಅಂಗಡಿಯವರಿಗೂ ಥ್ಯಾಂಕ್ಸ್.

ಡ್ರಾಯರ್ ಜಾರೋಕೆ ಹಾಕುವ ಲೋಹದ ಚಾನೆಲ್ ಯಾಕೆ ಹಾಕಿಲ್ಲ ಅಂತ ತುಂಬಾ ಜನ ಕೇಳಿದರು. ಚಾನೆಲ್ ಕೆಟ್ಟದ್ದಲ್ಲ. ಎರಡೂ ಕಡೆ ಅರ್ಧರ್ಧ ಇಂಚು ಬಿಟ್ಟು ಪೆಟ್ಟಿಗೆ ಮಾಡಿದರೆ ಆಯ್ತು. ಅಡುಗೆಮನೆಗೆ ನಾನೂ ಅದನ್ನೇ ಹಾಕಿಸ್ತೀನಿ. ಆದರೆ ಈ ಮೇಜಲ್ಲಿ ಮರ ಮರದ ಮೇಲೇ ಓಡಬೇಕು ಅನ್ನೋದು ನನ್ನ ಹಟ. ಓಡುವ ಜಾಗಕ್ಕೆ ಮೇಣದಬತ್ತಿ ಉಜ್ಜಿದ್ದೇನೆ, ಅಷ್ಟೇ.

ಮನೆಯಲ್ಲಿ ಹೊಟ್ಟು ಗುಡಿಸಿ ಗುಡಿಸಿ ಸಾಕಾದ ಹೆಂಡತಿಗೆ ಇಲ್ಲಿ ಥ್ಯಾಂಕ್ಸ್ ಹೇಳಿದರೆ ಸಾಲದು, ಗೊತ್ತು. ಡ್ರಾಯರನ್ನು ಮೊದಲ ದಿನವೇ ತನ್ನ ಮಾತ್ರೆ, ಟಾರ್ಚ್ ತುಂಬಿ ಉದ್ಘಾಟನೆ ಮಾಡಿದ ಅಮ್ಮನಿಗೂ ಥ್ಯಾಂಕ್ಸ್. ಕೊನೆಯದಾಗಿ ಕೆಳಗಿನ ಮನೆಯವರಿಗೆ. ಭಾನುವಾರ ಮಧ್ಯಾಹ್ನ ನಾನು ಕೊಡತಿ ಹಿಡಿದು ಉಳಿ ಹೊಡೆಯುತ್ತಿದ್ದರೂ ನೀವು ಒಂದು ದಿನ ಬಂದು ಕೇಳಲಿಲ್ಲ. ಮೊನ್ನೆ ಬಂದಿರಿ, ಅದೂ ಮಂಚದ ಕಾಲು ಅಲ್ಲಾಡುತ್ತೆ ಅಂತ ಹೇಳೋಕೆ. ಈ ಶನಿವಾರ ಬರ್ತೀನಿ. ಹಾಸಿಗೆ ತೆಗೆದಿಟ್ಟಿರಿ.