ಓಡಲು ಹೊರಟವರ ಕಾಲಿಗೂ ಕಾಲಾವಕಾಶ ಬೇಕು

ಮಾನ್ಯ ಸಂಪಾದಕರೇ,

ಮಳೆಗಾಲ ಹಿಂದೆ ಸರಿದು ನವರಾತ್ರಿ ಮುಗಿಯುವ ಹೊತ್ತಿಗೆ ಪ್ರತಿವರ್ಷವೂ ಕರಾವಳಿಯ ಮೈದಾನಗಳಿಗೆ ಹೊಸಬರು ಬರತೊಡಗುತ್ತಾರೆ. ಉಡುಪಿಯ ಅಜ್ಜರಕಾಡು, ಮಣಿಪಾಲದ ಮಣ್ಣಪಳ್ಳ, ಮಂಗಳೂರಿನ ಮಂಗಳಾ ಕ್ರೀಡಾಂಗಣ, ಕದ್ರಿ ಉದ್ಯಾನದ ಆಸುಪಾಸು, ಎಲ್ಲಿ ನೋಡಿದರೂ ಹೊಸ ಶೂ ತೊಟ್ಟು ಜಾಗಿಂಗ್ ಮಾಡುವ ಮೂವತ್ತು, ನಲವತ್ತು, ಐವತ್ತರ ಪ್ರಾಯದವರು ಕಾಣಸಿಗುತ್ತಾರೆ. ಮಧುಮೇಹ, ರಕ್ತದೊತ್ತಡಗಳು ಮನೆಮನೆಯ ಮಾತಾಗಿರುವ ಈ ಕಾಲದಲ್ಲಿ ಇದು ನಿಜಕ್ಕೂ ಸಂತೋಷದ ಸಂಗತಿ. ಆದರೆ ಕ್ರಿಸ್ಮಸ್ ಬರುವಷ್ಟರಲ್ಲಿ ಅವರಲ್ಲಿ ಅನೇಕರು ಮೈದಾನದಿಂದ ಕಾಣೆಯಾಗಿರುತ್ತಾರೆ. ಪೇಟೆಯಲ್ಲಿ ಸಿಕ್ಕಾಗ ವಿಚಾರಿಸಿದರೆ, ಮಂಡಿ ನೋವು, ಹಿಮ್ಮಡಿ ನೋವು, ಕಣಕಾಲಿನ ನೋವು ಎಂದು ಒಬ್ಬೊಬ್ಬರದು ಒಂದೊಂದು ಉತ್ತರ. ದೈಹಿಕ ಶಿಕ್ಷಣ ಶಿಕ್ಷಕನಾಗಿ ದುಡಿದು ನಿವೃತ್ತನಾದ ಮೇಲೂ ಬೆಳಗಿನ ಹೊತ್ತನ್ನು ಮೈದಾನದಲ್ಲೇ ಕಳೆಯುವ ನನಗೆ, ಈ ಗಾಯಗಳಲ್ಲಿ ಹೆಚ್ಚಿನವು ತಪ್ಪಿಸಬಹುದಾದವು ಎಂಬುದು ಮನವರಿಕೆಯಾಗಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಜಾಗಿಂಗ್ ಮಾಡುವಾಗ ನೆಲಕ್ಕೆ ಊರಿದ ಪ್ರತಿ ಹೆಜ್ಜೆಯಲ್ಲೂ ದೇಹದ ತೂಕದ ಎರಡರಿಂದ ಮೂರು ಪಟ್ಟು ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ. 70 ಕಿಲೋ ತೂಗುವವರ ಕಾಲು ಪ್ರತಿ ಸಲವೂ 140ರಿಂದ 210 ಕಿಲೋದಷ್ಟು ಭಾರವನ್ನು ತಾಳಿಕೊಳ್ಳಬೇಕು, ಮತ್ತು ಒಂದು ಕಿಲೋಮೀಟರ್ ಓಟಕ್ಕೆ ಇಂತಹ ಹೆಜ್ಜೆಗಳು ಸಾವಿರಕ್ಕೂ ಹೆಚ್ಚು ಬೇಕಾಗುತ್ತವೆ. ಅಭ್ಯಾಸವಾದರೆ ದೇಹ ಇದಕ್ಕೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ತೊಡಕು ಇರುವುದು ಹೊಂದಿಕೊಳ್ಳಲು ಬೇಕಾಗುವ ಸಮಯದಲ್ಲಿ. ಹೃದಯ, ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಸುಧಾರಿಸುತ್ತವೆ. ಮೊದಲ ದಿನ ಒಂದು ಸುತ್ತಿಗೇ ಏದುಸಿರು ಬಿಟ್ಟವರು ತಿಂಗಳು ಕಳೆಯುವಷ್ಟರಲ್ಲಿ ಆರಾಮವಾಗಿ ನಾಲ್ಕಾರು ಸುತ್ತು ಹಾಕುತ್ತಾರೆ. ಆದರೆ ಸ್ನಾಯುವನ್ನು ಎಲುಬಿಗೆ ಬಿಗಿಯುವ ಸ್ನಾಯುರಜ್ಜುಗಳೂ ಎಲುಬುಗಳೂ ಬಲಗೊಳ್ಳಲು ತಿಂಗಳುಗಳೇ ಬೇಕು. ಎಲುಬಿನ ಮೇಲೆ ಹೊಸ ಭಾರ ಬಿದ್ದಾಗ ದೇಹವು ಮೊದಲು ಹಳೆಯ ಭಾಗವನ್ನು ಕರಗಿಸಿ ಆಮೇಲೆ ಗಟ್ಟಿಯಾದ ಹೊಸ ಭಾಗವನ್ನು ಕಟ್ಟುವುದರಿಂದ, ನಡುವಿನ ಕೆಲವು ವಾರ ಆ ಜಾಗ ಮೊದಲಿಗಿಂತಲೂ ದುರ್ಬಲವಾಗಿರುತ್ತದೆ. ಸರಿಯಾಗಿ ಆ ವಾರಗಳಲ್ಲೇ, ಉಸಿರು ಸಲೀಸಾಯಿತೆಂಬ ಉಮೇದಿನಲ್ಲಿ ನಾವು ದೂರವನ್ನೂ ವೇಗವನ್ನೂ ಹೆಚ್ಚಿಸುತ್ತೇವೆ. ಹೊಸಬರ ಗಾಯಗಳ ಮೂಲ ಬಹುಪಾಲು ಇಲ್ಲಿದೆ. ಎಷ್ಟು ಓಡಬೇಕೆಂಬುದನ್ನು ಉಸಿರು ತೀರ್ಮಾನಿಸಬಾರದು, ಕಾಲು ತೀರ್ಮಾನಿಸಬೇಕು.

ಜಾಗಿಂಗನ್ನು ಜನಸಾಮಾನ್ಯರ ಅಭ್ಯಾಸವಾಗಿ ಬೆಳೆಸಿದವರು ಈ ಮಾತನ್ನು ಆರಂಭದಲ್ಲೇ ಅರಿತಿದ್ದರು. ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್ 1960ರ ದಶಕದ ಆರಂಭದಲ್ಲಿ ಆಕ್ಲೆಂಡಿನಲ್ಲಿ ನಡುವಯಸ್ಸಿನವರನ್ನು ಸೇರಿಸಿ ಓಡಿಸತೊಡಗಿದಾಗ ಆ ಗುಂಪಿನಲ್ಲಿ ಹೃದಯಾಘಾತದಿಂದ ಚೇತರಿಸಿಕೊಂಡವರೂ ಇದ್ದರು. ಮಾತನಾಡಿಕೊಂಡು ಓಡಲು ಸಾಧ್ಯವಾಗುವಷ್ಟೇ ವೇಗ ಸಾಕು ಎಂಬುದು ಅವರ ಪದ್ಧತಿಯಾಗಿತ್ತು. ಅದೇ ಅಳತೆ ಇಂದಿಗೂ ಸರಿಯಾದುದು. ಜೊತೆಯವರೊಂದಿಗೆ ತಡವರಿಸದೆ ಒಂದು ಪೂರ್ತಿ ವಾಕ್ಯ ಆಡಲಾಗದಿದ್ದರೆ ವೇಗ ಹೆಚ್ಚಾಯಿತೆಂದೇ ಅರ್ಥ. ಕೈಗಡಿಯಾರದ ಲೆಕ್ಕಗಳು ಏನೇ ಹೇಳಲಿ, ಆಗ ನಡಿಗೆಗೆ ಇಳಿಯಬೇಕು.

ಹೊಸಬರು ಮೊದಲು ಕೆಲವು ವಾರ ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಲಿ. ಅದು ಸಲೀಸಾದ ಬಳಿಕ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂಬ ಲೆಕ್ಕದಲ್ಲಿ ಇಪ್ಪತ್ತು ನಿಮಿಷ ಸಾಕು. ವಾರ ಎರಡು ವಾರಕ್ಕೊಮ್ಮೆ ಓಟದ ಪಾಲನ್ನು ತುಸು ಹಿಗ್ಗಿಸಿ ನಡಿಗೆಯ ಪಾಲನ್ನು ಕುಗ್ಗಿಸುತ್ತಾ ಹೋದರೆ ಎರಡು ಮೂರು ತಿಂಗಳಲ್ಲಿ ನಿಲ್ಲದೆ ಓಡುವ ಶಕ್ತಿ ಬರುತ್ತದೆ. ದಿನವೂ ಓಡಲೇಬೇಕೆಂಬ ಹಟವೂ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮದ ವ್ಯಾಯಾಮವನ್ನು ಇಲ್ಲವೇ 75 ನಿಮಿಷಗಳ ಕಠಿಣ ಶ್ರಮದ ವ್ಯಾಯಾಮವನ್ನು ಹೇಳುತ್ತದೆ. ಜಾಗಿಂಗ್ ಎರಡನೆಯ ಗುಂಪಿಗೆ ಸೇರುವುದರಿಂದ, ದಿನ ಬಿಟ್ಟು ದಿನ 25 ನಿಮಿಷದಂತೆ ವಾರಕ್ಕೆ ಮೂರು ದಿನ ಓಡಿದರೆ ಆ ಕನಿಷ್ಠ ಮಟ್ಟ ಪೂರ್ತಿಯಾಗುತ್ತದೆ. ಉಳಿದ ದಿನಗಳಲ್ಲಿ ನಡೆಯಬಹುದು, ಸೈಕಲ್ ತುಳಿಯಬಹುದು, ತೋಟದ ಕೆಲಸ ಮಾಡಬಹುದು. ಯಕ್ಷಗಾನವನ್ನೋ ಕೋಲವನ್ನೋ ನೋಡಿ ರಾತ್ರಿಯಿಡೀ ನಿದ್ದೆಗೆಟ್ಟ ಮರುದಿನ ಬೆಳಗ್ಗೆ ಓಡುವುದನ್ನು ಬಿಟ್ಟುಬಿಡುವುದೇ ಲೇಸು. ಎಲುಬು, ಸ್ನಾಯುಗಳ ದುರಸ್ತಿ ಮುಖ್ಯವಾಗಿ ನಡೆಯುವುದು ನಿದ್ದೆಯಲ್ಲಿ.

ಇನ್ನು ನೋವಿನ ವಿಚಾರ. ಇದನ್ನು ತುಸು ವಿವರವಾಗಿ ಹೇಳಬೇಕು, ಏಕೆಂದರೆ ನೋವು ಬಂದಾಗ ನಮ್ಮವರು ಹಿಡಿಯುವ ದಾರಿ ಎರಡೇ: ಒಂದೋ ಎಣ್ಣೆ ತಿಕ್ಕಿ, ಮಾತ್ರೆ ನುಂಗಿ ಓಟ ಮುಂದುವರಿಸುವುದು, ಇಲ್ಲವೇ ಓಟದ ಸಹವಾಸವನ್ನೇ ಶಾಶ್ವತವಾಗಿ ಬಿಟ್ಟುಬಿಡುವುದು. ಓಡಿದ ಮರುದಿನ ಎರಡೂ ತೊಡೆಗಳಲ್ಲಿ, ಮೀನಖಂಡಗಳಲ್ಲಿ ಸಮನಾಗಿ ಕಾಣಿಸಿಕೊಂಡು ಎರಡು ಮೂರು ದಿನಗಳಲ್ಲಿ ಮಾಯವಾಗುವ ಮೈಕೈ ನೋವಿಗೆ ಅಂಜಬೇಕಾಗಿಲ್ಲ. ಒಂದೇ ಕಾಲಿನಲ್ಲಿ, ಒಂದೇ ಜಾಗದಲ್ಲಿ, ಓಡಿದಷ್ಟೂ ಹೆಚ್ಚುವ ನೋವನ್ನು ಮಾತ್ರ ಅಲಕ್ಷಿಸಬಾರದು. ಬೆಳಗ್ಗೆ ಹಾಸಿಗೆಯಿಂದ ಎದ್ದು ಊರಿದ ಮೊದಲ ಹೆಜ್ಜೆಗಳಲ್ಲಿ ಹಿಮ್ಮಡಿಯ ಅಡಿಭಾಗ ಚುಚ್ಚುತ್ತಿದ್ದರೆ ಅಂಗಾಲಿನ ತಂತುಪಟ್ಟಿಗೆ ಅತಿಯಾದ ಎಳೆತ ಬಿದ್ದಿರಬಹುದು. ಮೆಟ್ಟಿಲು ಇಳಿಯುವಾಗ, ಬಹಳ ಹೊತ್ತು ಕುಳಿತು ಏಳುವಾಗ ಮಂಡಿಚಿಪ್ಪಿನ ಸುತ್ತ ನೋಯುತ್ತಿದ್ದರೆ ತೊಡೆ ಮತ್ತು ಸೊಂಟದ ಸ್ನಾಯುಗಳು ಓಟದ ಭಾರಕ್ಕೆ ಸಾಲದಿರುವುದು ಒಂದು ಕಾರಣವಿರಬಹುದು. ಕಣಕಾಲಿನ ಒಳಬದಿಯ ಅಂಚಿನಲ್ಲಿ ಉದ್ದಕ್ಕೆ ಹರಡಿದ ನೋವು ಹೊಸಬರಲ್ಲಿ ಬಹಳ ಸಾಮಾನ್ಯ. ದೂರವನ್ನು ಅರ್ಧಕ್ಕೆ ಇಳಿಸಿ, ಅಗತ್ಯ ಬಿದ್ದರೆ ಒಂದೆರಡು ವಾರ ಬರೀ ನಡಿಗೆಗೆ ಮರಳಿದರೆ ಇವುಗಳಲ್ಲಿ ಹೆಚ್ಚಿನವು ತಗ್ಗುತ್ತವೆ. ಆದರೆ ಎಲುಬಿನ ಒಂದೇ ಬಿಂದುವನ್ನು ಬೆರಳಿನಿಂದ ಒತ್ತಿದಾಗ ತೀವ್ರವಾಗಿ ನೋಯುವುದು, ಮಲಗಿದಾಗಲೂ ನೋವು ಬಿಡದಿರುವುದು, ಕುಂಟುತ್ತಾ ನಡೆಯುವಂತಾಗುವುದು, ಇವು ಎಲುಬಿನಲ್ಲಿ ಸೂಕ್ಷ್ಮ ಬಿರುಕು ಮೂಡಿರಬಹುದೆಂಬುದರ ಸೂಚನೆಗಳು. ಆಗ ಓಟವನ್ನು ಕೂಡಲೇ ನಿಲ್ಲಿಸಿ ಮೂಳೆತಜ್ಞರನ್ನು ಕಾಣಬೇಕು; ಆರಂಭದ ಎಕ್ಸ್‌ರೇಯಲ್ಲಿ ಇಂತಹ ಬಿರುಕು ಕಾಣದಿರುವುದೂ ಉಂಟು ಎಂಬುದನ್ನು ತಿಳಿದಿರಬೇಕು. ನೋವುನಿವಾರಕ ನುಂಗಿ ಓಡುವುದಂತೂ ಖಂಡಿತ ತಪ್ಪು. ಎಚ್ಚರಿಕೆಯ ಸೂಚನೆಯೇ ಮರೆಯಾದ ಮೇಲೆ ಗಾಯ ಎಷ್ಟು ಆಳಕ್ಕೆ ಇಳಿಯಿತೆಂಬುದು ತಿಳಿಯುವ ಬಗೆ ಇಲ್ಲ.

ಓಡಿದರೆ ಮಂಡಿ ಸವೆಯುತ್ತದೆ ಎಂಬ ಭಯ ನಮ್ಮಲ್ಲಿ ವ್ಯಾಪಕವಾಗಿದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ ಹವ್ಯಾಸಕ್ಕಾಗಿ ಓಡುವವರಲ್ಲಿ ಶೇ. 3.5ರಷ್ಟು ಮಂದಿಗೆ, ಓಡದೆ ಕುಳಿತೇ ಇರುವವರಲ್ಲಿ ಶೇ. 10.2ರಷ್ಟು ಮಂದಿಗೆ ಮಂಡಿ ಅಥವಾ ಸೊಂಟದ ಕೀಲಿನ ಸವೆತ ಕಂಡುಬಂದಿತ್ತು. ಓಟವೇ ಕೀಲನ್ನು ಕಾಪಾಡಿತು ಎಂದು ಇಷ್ಟರಿಂದಲೇ ಸಾಧಿಸಲಾಗದು. ಆದರೂ ಮಿತವಾದ ಓಟಕ್ಕೆ ಆರೋಗ್ಯವಂತರು ಹೆದರಬೇಕಾಗಿಲ್ಲ ಎಂಬ ಧೈರ್ಯವನ್ನಂತೂ ಅದು ಕೊಡುತ್ತದೆ. ಈಗಾಗಲೇ ಮಂಡಿ ಸವೆತ ಇರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ನಮ್ಮ ನೆಲದ ಬಗ್ಗೆಯೂ ಹೇಳಬೇಕಾದದ್ದಿದೆ. ಮಂಗಳೂರು, ಉಡುಪಿ, ಮಣಿಪಾಲಗಳು ಗುಡ್ಡೆಗಳ ಮೇಲೆ, ಗುಡ್ಡೆಗಳ ನಡುವೆ ಬೆಳೆದ ಊರುಗಳು. ಏರು ಹತ್ತುವಾಗ ಉಸಿರಿಗೆ ಕಷ್ಟವಾಗುವುದರಿಂದ ನಾವು ಏರನ್ನೇ ಅಪಾಯವೆಂದು ಭಾವಿಸುತ್ತೇವೆ, ಆದರೆ ಮಂಡಿಗೂ ತೊಡೆಗೂ ಹೆಚ್ಚು ಪೆಟ್ಟು ಕೊಡುವುದು ಇಳಿಜಾರು. ಮಣಿಪಾಲದಿಂದ ಉಡುಪಿಗೆ ಇಳಿಯುವ ರಸ್ತೆಯಲ್ಲೋ ಬಾವುಟಗುಡ್ಡೆಯ ಇಳಿಜಾರಿನಲ್ಲೋ ಹೊಸಬರು ಓಡದೆ ನಡೆದು ಇಳಿಯಲಿ. ಸಂಜೆ ಮಲ್ಪೆಗೆ, ಪಣಂಬೂರಿಗೆ ಹೋಗಿ ಬರಿಗಾಲಲ್ಲಿ ಓಡುವ ಆಸೆ ಸಹಜವೇ. ಆದರೆ ಸಡಿಲ ಹೊಯಿಗೆಯಲ್ಲಿ ಹಿಮ್ಮಡಿ ಆಳಕ್ಕೆ ಇಳಿಯುವುದರಿಂದ ಮೀನಖಂಡಕ್ಕೂ ಹಿಮ್ಮಡಿಯ ರಜ್ಜುವಿಗೂ ಅಭ್ಯಾಸವಿಲ್ಲದ ಎಳೆತ ಬೀಳುತ್ತದೆ. ಇಳಿತದ ಹೊತ್ತಿನಲ್ಲಿ ಗಟ್ಟಿಯಾಗಿ ಸಪಾಟಾದ ಒದ್ದೆ ಹೊಯಿಗೆಯ ಮೇಲೆ, ಅದೂ ಐದು ಹತ್ತು ನಿಮಿಷಗಳಿಂದ ಆರಂಭಿಸುವುದು ಕ್ಷೇಮ. ರಸ್ತೆಗಳು ನೀರು ಹರಿಯಲೆಂದು ಅಂಚಿಗೆ ವಾಲಿರುತ್ತವೆ. ಸದಾ ಒಂದೇ ಅಂಚಿನಲ್ಲಿ ಓಡಿದರೆ ಒಂದು ಕಾಲು ಯಾವಾಗಲೂ ತಗ್ಗಿನಲ್ಲಿರುತ್ತದೆ. ರಸ್ತೆಯಲ್ಲಿ ಓಡಲೇಬೇಕಾದವರು ಎದುರು ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ ಓಡಿ, ಸಮತಟ್ಟಾದ ಮೈದಾನ ಸಿಕ್ಕಿದ ದಿನ ಅದನ್ನೇ ಬಳಸಲಿ. ಕಾಂಕ್ರೀಟು ಕೆಟ್ಟದ್ದು, ಮಣ್ಣು ಒಳ್ಳೆಯದು ಎಂಬ ಮಾತನ್ನು ಕೇಳುತ್ತಿರುತ್ತೇವೆ. ವಿಷಯ ಅಷ್ಟು ಸರಳವಲ್ಲ. ಯಾವ ನೆಲಕ್ಕಾದರೂ ಕಾಲು ನಿಧಾನವಾಗಿ ಒಗ್ಗುತ್ತದೆ, ನೆಲವನ್ನು ಹಠಾತ್ತಾಗಿ ಬದಲಿಸಿ ಅದೇ ದೂರ ಓಡಿದಾಗ ತೊಂದರೆ ಆರಂಭವಾಗುತ್ತದೆ. ಮಳೆಗಾಲದಲ್ಲಿ ಪಾಚಿಗಟ್ಟಿದ ಇಂಟರ್‌ಲಾಕ್ ಹಾಸು, ಅಲುಗಾಡುವ ಚರಂಡಿ ಚಪ್ಪಡಿಗಳು ಕಾಲು ಉಳುಕಿಸುವುದರಿಂದ ಆ ತಿಂಗಳುಗಳಲ್ಲಿ ಮನೆಯೊಳಗಿನ ವ್ಯಾಯಾಮವೇ ಉತ್ತಮ.

ನಮ್ಮ ಕರಾವಳಿಯ ಸೆಕೆಯನ್ನು ಬಯಲುಸೀಮೆಯ ಬಿಸಿಲಿನೊಂದಿಗೆ ಹೋಲಿಸಲಾಗದು. ಗಾಳಿಯಲ್ಲಿ ನೀರಿನಂಶ ತುಂಬಿರುವಾಗ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಮಾರ್ಚ್‌ನಿಂದ ಮೇವರೆಗೆ ಬೆಳಗ್ಗೆ ಏಳು ಗಂಟೆಯೊಳಗೆ ಓಟ ಮುಗಿಸುವುದು, ವೇಗ ತಗ್ಗಿಸುವುದು, ತಲೆ ಸುತ್ತಿದರೆ, ವಾಕರಿಕೆ ಬಂದರೆ ನಿಂತು ನೆರಳಿಗೆ ಸರಿಯುವುದು ಅಗತ್ಯ. ಉಪ್ಪು ಹಾಕಿದ ಗಂಜಿತಿಳಿ, ಮಜ್ಜಿಗೆ, ಎಳನೀರು ಚೆನ್ನಾಗಿ ಹಿಡಿಸುತ್ತವೆ. ರಕ್ತದೊತ್ತಡದವರು ಉಪ್ಪಿನ ವಿಷಯದಲ್ಲಿ, ಮೂತ್ರಪಿಂಡದ ತೊಂದರೆ ಇರುವವರು ಎಳನೀರಿನ ವಿಷಯದಲ್ಲಿ ವೈದ್ಯರ ಮಾತು ಕೇಳಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಓಡಿದರೆ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ಅವರ ಜೇಬಿನಲ್ಲಿ ಸಕ್ಕರೆಯ ಪೊಟ್ಟಣ ಇರಲೇಬೇಕು, ಮನೆಗೆ ಬಂದೊಡನೆ ಪಾದಗಳನ್ನು ಪರೀಕ್ಷಿಸಬೇಕು. ನಲವತ್ತು ದಾಟಿ ಬಹುಕಾಲದಿಂದ ವ್ಯಾಯಾಮವಿಲ್ಲದವರೂ, ಎದೆನೋವಿನ ಇತಿಹಾಸವಿರುವವರೂ ಓಟ ಆರಂಭಿಸುವ ಮುನ್ನ ತಪಾಸಣೆ ಮಾಡಿಸಿಕೊಳ್ಳಲಿ.

ಶೂ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕಾಲಿಗೆ ಹಿತವಾಗಿ, ಹೆಬ್ಬೆರಳ ಮುಂದೆ ತುಸು ಜಾಗ ಉಳಿದರೆ ಸಾಕು. ದುಬಾರಿ ಶೂ ಗಾಯ ತಡೆಯುತ್ತದೆಂಬ ಖಾತರಿಯಿಲ್ಲ. ಓಡುವ ಮೊದಲು ನಿಂತಲ್ಲೇ ಕಾಲು ಚಾಚಿ ಎಳೆಯುವುದಕ್ಕಿಂತ ಐದು ನಿಮಿಷ ಬಿರುಸಾಗಿ ನಡೆಯುವುದು ಹೆಚ್ಚು ಪ್ರಯೋಜನಕಾರಿ. ನಾನು ಎಲ್ಲರಿಗೂ ಒತ್ತಿ ಹೇಳುವುದು ಬಲವರ್ಧನೆಯ ಬಗ್ಗೆ: ವಾರಕ್ಕೆ ಎರಡು ದಿನ ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಎತ್ತಿ ಇಳಿಸುವುದು, ಬಸ್ಕಿ ಹೊಡೆಯುವುದು, ಒಂಟಿ ಕಾಲಿನಲ್ಲಿ ಸಮತೋಲನ ಸಾಧಿಸುವುದು, ಇವಿಷ್ಟಕ್ಕೆ ಜಿಮ್ ಬೇಕಾಗಿಲ್ಲ. ಓಡುವಾಗ ಉದ್ದ ಹೆಜ್ಜೆ ಹಾಕದೆ ಪುಟ್ಟ ಹೆಜ್ಜೆಗಳನ್ನು ಬೇಗಬೇಗ ಇಟ್ಟರೂ ಮಂಡಿಯ ಮೇಲಿನ ಭಾರ ಇಳಿಯುತ್ತದೆ.

ಕೊನೆಯದಾಗಿ, ಈ ವಿಷಯದಲ್ಲಿ ಏನನ್ನಾದರೂ ಮಾಡಲು ಸಾಧ್ಯವಿರುವವರಲ್ಲಿ ಕೆಲವು ವಿನಂತಿಗಳು. ನಮ್ಮ ಎರಡೂ ಜಿಲ್ಲೆಗಳಲ್ಲಿ ಶಾಲೆ, ಕಾಲೇಜುಗಳಿಗೆ ಸೇರಿದ ಒಳ್ಳೆಯ ಮಣ್ಣಿನ ಮೈದಾನಗಳು ಬೇಕಾದಷ್ಟಿವೆ. ತರಗತಿಗಳು ಆರಂಭವಾಗುವ ಮುನ್ನ, ಬೆಳಗ್ಗೆ ಐದೂವರೆಯಿಂದ ಏಳರವರೆಗೆ ಅವುಗಳನ್ನು ನೆರೆಹೊರೆಯವರಿಗೆ ತೆರೆದುಕೊಟ್ಟರೆ ವಾಹನಗಳ ನಡುವೆ ಓಡುವ ಅನಿವಾರ್ಯತೆ ಬಹುಮಟ್ಟಿಗೆ ತಪ್ಪುತ್ತದೆ. ಜನವರಿಯಲ್ಲಿ ಇಲ್ಲಿ ಸೂರ್ಯೋದಯವಾಗುವಾಗ ಏಳು ಗಂಟೆ ಸಮೀಪಿಸಿರುತ್ತದೆ; ಆದ್ದರಿಂದ ಮೈದಾನಗಳಲ್ಲಿ ನಾಲ್ಕಾರು ದೀಪಗಳಾದರೂ ಉರಿಯಬೇಕು, ವಿಶೇಷವಾಗಿ ಹೆಣ್ಣುಮಕ್ಕಳು ನಿರ್ಭಯವಾಗಿ ಬರುವಂತಾಗಲು. ಸಿಂಥೆಟಿಕ್ ಟ್ರ್ಯಾಕ್ ಇರುವಲ್ಲಿ ನಿಧಾನವಾಗಿ ಓಡುವ ನಾವು ಹೊರಗಿನ ಲೇನ್‌ಗಳಿಗೆ ಸರಿದು ಒಳಗಿನ ಲೇನ್‌ಗಳನ್ನು ಕ್ರೀಡಾಪಟುಗಳಿಗೆ ಬಿಡಬೇಕು. ಇಲ್ಲಿ ಮ್ಯಾರಥಾನ್‌ಗಳನ್ನು ಏರ್ಪಡಿಸುವವರು ಹೆಸರು ನೋಂದಾಯಿಸುವ ದಿನವೇ, ಸ್ಪರ್ಧೆಗೆ ಮೂರು ನಾಲ್ಕು ತಿಂಗಳು ಇರುವಾಗಲೇ, ಹೊಸಬರಿಗೆ ವಾರವಾರದ ತಯಾರಿಯ ಪಟ್ಟಿಯನ್ನು ಕನ್ನಡದಲ್ಲಿ ಮುದ್ರಿಸಿ ಕೈಗೆ ಕೊಡಲಿ. ಅಂತಹ ಪಟ್ಟಿ ಸಿದ್ಧಪಡಿಸಲು ನನ್ನಂತಹ ನಿವೃತ್ತ ಶಿಕ್ಷಕರೂ ಫಿಸಿಯೋಥೆರಪಿ ಕಲಿಸುವ ಇಲ್ಲಿನ ಕಾಲೇಜುಗಳೂ ಸಂತೋಷದಿಂದ ಕೈಜೋಡಿಸುತ್ತವೆ ಎಂದು ನಂಬಿದ್ದೇನೆ.

ಇತಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಉಡುಪಿ